ಎಷ್ಟು ಟರ್ನರ್ ಬೇಕು ಅಂತ ಕೇಳಿದರೆ ಸಾಲದು

ಹೋದ ತಿಂಗಳು ನಮ್ಮ ಶಾಪ್‌ಗೆ ಹೊಸ ಹುಡುಗ ಸೇರಿದ. ಮದ್ದೂರು ಕಡೆಯವನು. ಐಟಿಐನಲ್ಲಿ ಟರ್ನರ್, ಅಂದರೆ ಲೇತ್‌ನಲ್ಲಿ ಲೋಹ ಕಡೆಯುವ ಕೆಲಸ, ಓದಿದ್ದಾನೆ, ಅಂಕಗಳೂ ಚೆನ್ನಾಗಿವೆ. ಮೊದಲ ದಿನವೇ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್, ಮುಂದೆ ನಿಲ್ಲಿಸಿದೆ. ಶಾಫ್ಟ್ ವ್ಯಾಸ 25 ಮಿ.ಮೀ., ಆಚೆ ಈಚೆ 0.02 ಒಳಗೆ ಬರಬೇಕು. ಅವನು ಮೈಕ್ರೋಮೀಟರ್ ಹಿಡಿದ ರೀತಿ ನೋಡಿಯೇ ಗೊತ್ತಾಯಿತು, ಕೈ ಪಳಗಿದೆ. ರ್ಯಾಚೆಟ್ ಮೂರು ಸಲ ಕಟಕಟ ಅನ್ನಿಸಿ, ಬೆಳಕಿಗೆ ತಿರುಗಿಸಿ ಓದಿದ. 25.01. ಸ್ವಲ್ಪ ಹೊತ್ತಾದ ಮೇಲೆ 25.02. ಆಮೇಲೆ 25.03. ತಾನಾಗಿಯೇ ಮೆಷಿನ್ ನಿಲ್ಲಿಸಿ, 'ಟೂಲ್ ಸವೆದಿದೆ ಸಾರ್' ಅಂದ. ಸರಿಯಾಗೇ ಹೇಳಿದ. ಆದರೆ ಟೂಲ್ ಸವೆದಷ್ಟು ಸರಿಪಡಿಸುವ ಅಂಕಿ, ಅದೇ ಆಫ್‌ಸೆಟ್, ಪರದೆಯಲ್ಲಿ ಎಲ್ಲಿ ಹಾಕಬೇಕು, ಪ್ಲಸ್ಸೋ ಮೈನಸ್ಸೋ ಗೊತ್ತಾಗಲಿಲ್ಲ. ಹಳೆ ಲೇತ್ ಆಗಿದ್ದರೆ ಹ್ಯಾಂಡಲ್ ಒಂದು ಗೆರೆ ತಿರುಗಿಸಿ ಮುಗಿಸಿಬಿಡುತ್ತಿದ್ದ. ಅವನು ಓದಿದ ಕಡೆ ಸಿಎನ್‌ಸಿ ಪಾಠ ಇತ್ತಂತೆ. ಮೆಷಿನ್ ಮುಟ್ಟಿದ್ದು ಮಾತ್ರ ಕಮ್ಮಿ.

'ಈಗಿನ ಹುಡುಗರಿಗೆ ಸ್ಕಿಲ್ ಇಲ್ಲ' ಅಂತ ಮೈಸೂರಿನ ಹೆಬ್ಬಾಳದಿಂದ ಕೂರ್ಗಳ್ಳಿವರೆಗೆ ಯಾವ ಕಾರ್ಖಾನೆಗೆ ಹೋದರೂ ಕೇಳುತ್ತೇವೆ. ಇವನಿಗೆ ಯಾವ ಸ್ಕಿಲ್ ಇಲ್ಲ ಹೇಳಿ? ಅಳತೆ ಬರುತ್ತದೆ, ಡ್ರಾಯಿಂಗ್ ಓದುತ್ತಾನೆ, ತಪ್ಪು ಹಿಡಿಯುತ್ತಾನೆ. ಇಲ್ಲದಿರುವುದು ಆಫ್‌ಸೆಟ್ ಹಾಕುವ ಅಭ್ಯಾಸ ಒಂದೇ. ಅದು ಕೆಲವು ದಿನದ ಕೆಲಸ, ಎರಡು ವರ್ಷದ ಕೋರ್ಸ್ ಅಲ್ಲ.

ಇಲ್ಲಿ ನನ್ನ ತಪ್ಪೂ ಒಂದಿದೆ. ಕೆಲವು ವರ್ಷದ ಹಿಂದೆ ನಾನಿದ್ದ ಕಾರ್ಖಾನೆಗೆ ಕೌಶಲದ ಕೊರತೆ ಎಲ್ಲಿದೆ ಅಂತ ತಿಳಿಯುವ ಒಂದು ಸರ್ವೆ ಫಾರಂ ಬಂದಿತ್ತು. ಮುಂದಿನ ವರ್ಷ ಎಷ್ಟು ಟರ್ನರ್, ಎಷ್ಟು ಫಿಟ್ಟರ್, ಎಷ್ಟು ವೆಲ್ಡರ್ ಬೇಕು ಅಂತ ಕೇಳಿದ್ದರು. ಎಚ್‌ಆರ್‌ನವರು ಫೋನ್ ಮಾಡಿದರು. ನಾನು ಮೆಷಿನ್ ಪಕ್ಕ ನಿಂತೇ 'ಹತ್ತು, ಹತ್ತು, ಐದು ಅಂತ ಹಾಕಿ' ಅಂದೆ. ಸುಮ್ನೆ ಬಾಯಿಗೆ ಬಂದ ಸಂಖ್ಯೆ. ಯಾರೂ ಒಳಗೆ ಬಂದು ಕೆಲಸ ಎಲ್ಲಿ ನಿಲ್ಲುತ್ತಿದೆ ಅಂತ ನೋಡಲಿಲ್ಲ, ನಾನೂ ಕರೆದು ತೋರಿಸಲಿಲ್ಲ. ಇಂಥ ಸಂಖ್ಯೆಗಳನ್ನು ನಂಬಿ ಎಲ್ಲೋ ಐಟಿಐ ಸೀಟು ಹೆಚ್ಚಿಸುತ್ತಾರೆ, ಎಲ್ಲೋ ಮೆಷಿನ್ ಖರೀದಿ ಮಾಡುತ್ತಾರೆ. ಯಾವುದೋ ಮನೆಯವರು ಕಬ್ಬಿನ ದುಡ್ಡಲ್ಲಿ ಮಗನನ್ನು ಸೇರಿಸುತ್ತಾರೆ. ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ನಮ್ಮಲ್ಲಿ ಲೆಕ್ಕ ಇಡುವವರೇ ಇಲ್ಲ ಅಂತಲ್ಲ. ಕೇಂದ್ರದ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್ 2017ರಿಂದ ನಡೆಯುತ್ತಿದೆ. 2025ರ ಜನವರಿಯಿಂದ ಅದರಲ್ಲಿ ಮನೆಗಳನ್ನು ಆರಿಸುವುದಕ್ಕೆ ಜಿಲ್ಲೆಯನ್ನೇ ಮೂಲ ಘಟಕ ಮಾಡಿದ್ದಾರೆ. ಇದು ಒಳ್ಳೆಯ ಹೆಜ್ಜೆ. ಆದರೆ ಅದು ಮನೆಮನೆಗೆ ಹೋಗಿ ಯಾರಿಗೆ ಕೆಲಸ ಇದೆ, ಯಾರಿಗೆ ಇಲ್ಲ ಅಂತ ಕೇಳುವ ಸಮೀಕ್ಷೆ. ಕಾರ್ಖಾನೆಗೆ ಏನು ಬೇಕು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ನೋಂದಾಯಿತ ಕಾರ್ಖಾನೆಗಳದ್ದು. ಐದಾರು ಜನ ಇಟ್ಟುಕೊಂಡು ಬೇರೆಯವರಿಗೆ ಕೆಲಸ ಮಾಡಿಕೊಡುವ ಜಾಬ್ ವರ್ಕ್ ಶೆಡ್‌ಗಳು ಅದಕ್ಕೆ ಸಿಕ್ಕುವುದಿಲ್ಲ. ಹುಡುಗರು ಕೆಲಸ ಕಲಿಯುವುದು ಜಾಸ್ತಿ ಅಲ್ಲೇ, ಅಲ್ವಾ? ಇನ್ನು ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ತಿಳಿಸಬೇಕು ಅನ್ನುವ 1959ರ ಕಾನೂನಿನಡಿ ಮೂರು ತಿಂಗಳಿಗೊಮ್ಮೆ ಉದ್ಯೋಗ ವಿನಿಮಯ ಕೇಂದ್ರಕ್ಕೆ ಇಆರ್-1 ಅಂತ ಒಂದು ಫಾರಂ ಕಳಿಸುತ್ತಿದ್ದೆವು. ಅದರಲ್ಲೂ ತುಂಬುತ್ತಿದ್ದದ್ದು ತಲೆ ಎಣಿಕೆಯೇ.

ಹುದ್ದೆಯ ಹೆಸರು ಕೂಡ ಮೋಸ ಮಾಡುತ್ತದೆ. 2015ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣದಲ್ಲಿ ಟರ್ನರ್ ಇರುವುದೂ 7223 ಗುಂಪಿನಲ್ಲಿ, ಸಿಎನ್‌ಸಿ ಆಪರೇಟರ್ ಇರುವುದೂ ಅದೇ ಗುಂಪಿನಲ್ಲಿ. ಆ ನಾಲ್ಕಂಕಿಯ ಗುಂಪಿಗೇ ನಿಂತು ಲೆಕ್ಕ ಕೂಡಿದರೆ ಇಬ್ಬರೂ ಒಂದೇ. ನನ್ನ ಹುಡುಗನ ಸಮಸ್ಯೆ ಇದ್ದದ್ದೇ ಆ ಇಬ್ಬರ ನಡುವೆ.

ಇನ್ನೊಂದು ಮಾತು. ಹುದ್ದೆ ಖಾಲಿ ಇದೆ ಅಂದ ಮಾತ್ರಕ್ಕೆ ಕೌಶಲ ಇಲ್ಲ ಅಂತಲ್ಲ. ಒಂದು ಸಲ ಮೂರು ತಿಂಗಳು ವೆಲ್ಡರ್ ಸಿಗಲಿಲ್ಲ. ಬಂದವರಿಗೆಲ್ಲ ಕೆಲಸ ಬರುತ್ತಿತ್ತು. ಸಂಬಳ ಕೇಳಿ ವಾಪಸ್ ಹೋಗುತ್ತಿದ್ದರು. ನಂಜನಗೂಡಿನಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಕ್ವಾಲಿಟಿ ಇನ್‌ಸ್ಪೆಕ್ಷನ್‌ನಲ್ಲಿ ನಮಗೆಲ್ಲರಿಗಿಂತ ಚುರುಕು. ಎರಡನೇ ಶಿಫ್ಟ್ ಮುಗಿದ ಮೇಲೆ ಬಸ್ಸಿಲ್ಲ ಅಂತ ಕೆಲಸ ಬಿಟ್ಟರು. ಆ ಜಾಗ 'ಕೌಶಲದ ಕೊರತೆ' ಅಂತ ದಾಖಲಾದರೆ ಅದು ಸುಳ್ಳು. ಅಲ್ಲಿ ಬೇಕಿದ್ದದ್ದು ಟ್ರೈನಿಂಗ್ ಅಲ್ಲ, ಒಂದು ಬಸ್ಸು. ಸಂಬಳ, ಓಡಾಟ, ಶಿಫ್ಟ್, ಕೌಶಲ, ಈ ನಾಲ್ಕನ್ನೂ ಬೇರೆ ಬೇರೆ ಕೇಳದ ಅಧ್ಯಯನವನ್ನು ನಾನು ನಂಬುವುದಿಲ್ಲ.

ಮಂಡ್ಯದಲ್ಲಿ ಕಾಲವನ್ನೂ ನೋಡಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಅರೆಯುವ ಸಮಯ ಬೇರೆ, ಮೆಷಿನ್ ಬಿಚ್ಚಿ ರಿಪೇರಿ ಮಾಡುವ ಸಮಯ ಬೇರೆ. ಅರೆಯುವಾಗ ಪ್ರಮಾಣಪತ್ರ ಇರುವ ಬಾಯ್ಲರ್ ಅಟೆಂಡೆಂಟ್ ಇಲ್ಲದೆ ನಡೆಯುವುದಿಲ್ಲ. ರಿಪೇರಿ ತಿಂಗಳಲ್ಲಿ ಫಿಟ್ಟರ್, ವೆಲ್ಡರ್‌ಗಳಿಗೆ ಕೈತುಂಬ ಕೆಲಸ. ಒಂದೇ ತಿಂಗಳಲ್ಲಿ ಹೋಗಿ ಕೇಳಿ ಬಂದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಮೈಸೂರಿನವರಿಗೆ ಐಡಿಯಲ್ ಜಾವಾ ನೆನಪಿರಲೇಬೇಕು. 1961ರಲ್ಲಿ ಬೈಕ್ ತಯಾರಿಕೆ ಶುರು, 1996ರಲ್ಲಿ ಬಾಗಿಲು ಮುಚ್ಚಿತು. ಇವತ್ತೂ ಊರಲ್ಲಿ ಹಳೆ ಜಾವಾ ಕೆಟ್ಟರೆ ಬಿಚ್ಚಿ ಜೋಡಿಸುವ ಕೈಗಳಿವೆ. ಆ ಕೌಶಲ ಯಾವ ಪಟ್ಟಿಯಲ್ಲಿದೆ? ಏನು ಇಲ್ಲ ಅಂತ ಹುಡುಕುವ ಮೊದಲು ಊರಲ್ಲಿ ಏನಿದೆ ಅಂತಲೂ ಎಣಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನ ಸಲ ಇಂಥ ಫಾರಂ ಬಂದರೆ ದಯವಿಟ್ಟು ನನ್ನ ಹಾಗೆ ಫೋನಿನಲ್ಲಿ ಮುಗಿಸಬೇಡಿ. ಬಂದವರನ್ನು ಒಳಗೆ ಕರೆದುಕೊಂಡು ಹೋಗಿ. ಕಳೆದ ಆರು ತಿಂಗಳಲ್ಲಿ ಯಾವ ಮೆಷಿನ್ ಯಾಕೆ ನಿಂತಿತ್ತು, ಯಾವ ಪೀಸ್ ಜಾಸ್ತಿ ರಿಜೆಕ್ಟ್ ಆಯಿತು, ಯಾರು ಯಾಕೆ ಬಿಟ್ಟು ಹೋದರು, ಯಾರು ನಿವೃತ್ತಿ ಆಗುತ್ತಿದ್ದಾರೆ ಅಂತ ತೋರಿಸಿ. ಆಪರೇಟರ್‌ಗಳ ಜೊತೆ ಮಾತಾಡಿಸಿ. ನಮ್ಮ ಹುಡುಗನ ಜೇಬಲ್ಲಿ ಈಗ ಒಂದು ಸಣ್ಣ ನೋಟ್‌ಬುಕ್ ಇದೆ. ಯಾವ ಟೂಲ್ ಎಷ್ಟು ಪೀಸ್‌ಗೆ ಎಷ್ಟು ಸವೆಯುತ್ತದೆ, ಎಷ್ಟು ಆಫ್‌ಸೆಟ್ ಕೊಟ್ಟೆ ಅಂತ ದಿನವೂ ಬರೆದಿಡುತ್ತಾನೆ. ಸಮೀಕ್ಷೆಯವರು ಬಂದರೆ ನಾನು ಮೊದಲು ತೋರಿಸುವುದು ಅದನ್ನೇ.