ಸ್ಪಷ್ಟನೆ: ಅಲ್ಯೂಮಿನಿಯಂ ಹೆಡ್ ಹಾಕಿದರೆ ಬೋಟಿನ ಎಂಜಿನ್ ಕಾಯುವುದು ನಿಲ್ಲುವುದಿಲ್ಲ

‘ಬೋಟ್ ಎಂಜಿನ್ ಕಾಯುವುದಕ್ಕೆ ಬೀಡಿನ ಹೆಡ್ಡೇ ಕಾರಣ, ಅಲ್ಯೂಮಿನಿಯಂ ಹಾಕಿಸಿದರೆ ಕಾವೂ ಇಳಿಯುತ್ತೆ, ಪವರ್ರೂ ಏರುತ್ತೆ’ ಎಂಬ ಸಂದೇಶ ಕೊಪ್ಪಳ, ರಾಯಚೂರು ಕಡೆ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿದೆ. ಹೆಡ್ ಎಂದರೆ ಎಂಜಿನ್ ಸಿಲಿಂಡರಿನ ಮೇಲ್ಮುಚ್ಚಳ, ಬೀಡು ಎಂದರೆ ಎರಕದ ಕಬ್ಬಿಣ. ಸಂದೇಶ ಅರ್ಧ ನಿಜ, ಅರ್ಧ ದುಬಾರಿ ತಪ್ಪು.

ಅಲ್ಯೂಮಿನಿಯಂ ಹಗುರ, ಶಾಖವನ್ನೂ ಬೇಗ ದಾಟಿಸುತ್ತದೆ. ಆದರೆ ಆ ಶಾಖವನ್ನು ಹೊತ್ತೊಯ್ಯಲು ನೀರು ಹರಿಯಬೇಕಲ್ಲ? ತುಂಗಭದ್ರಾ ಹಿನ್ನೀರಿನಲ್ಲಾಗಲಿ ಕೃಷ್ಣೆಯಲ್ಲಾಗಲಿ ಮೊದಲು ಕಟ್ಟಿಕೊಳ್ಳುವುದು ನೀರೆಳೆಯುವ ಜಾಲರಿ. ಹೂಳು ಮಿಶ್ರಿತ ನೀರು ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಸವೆಸುತ್ತದೆ. ಅದರ ಒಂದು ರೆಕ್ಕೆ ಮುರಿದರೂ ಪಂಪ್ ಬಿಚ್ಚಿ, ಚೂರು ಕೊಳವೆಯಲ್ಲಿ ಎಲ್ಲಿ ಸಿಕ್ಕಿದೆ ಎಂದು ಹುಡುಕಲೇಬೇಕು. ಆಮೇಲೆ ನೋಡಬೇಕಾದದ್ದು ಥರ್ಮೋಸ್ಟಾಟ್, ಅಂದರೆ ಕಾವಿಗೆ ತಕ್ಕಂತೆ ನೀರು ಬಿಡುವ ಕವಾಟ. ಹೆಡ್ಡಿನ ಮಾತು ಕೊನೆಗೆ.

ಪವರ್ ಕೂಡ ಅಷ್ಟೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡದ ಪ್ರಮಾಣ), ಪೋರ್ಟ್ (ಗಾಳಿ, ಹೊಗೆ ಹೋಗಿಬರುವ ದಾರಿ) ಬದಲಾಗದೆ ಬರೀ ಲೋಹ ಬದಲಾದರೆ ಏರುವುದಿಲ್ಲ.

ಬೀಡಿನ ಬ್ಲಾಕಿನ (ಸಿಲಿಂಡರ್ ಇರುವ ಎಂಜಿನ್ನಿನ ಮುಖ್ಯ ಭಾಗ) ಮೇಲೆ ಅಲ್ಯೂಮಿನಿಯಂ ಹೆಡ್ ಕೂತರೆ, ಕಾದಾಗ ಅದು ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವೆ ಸೋರದಂತೆ ಇಡುವ ತೆಳು ಹಾಳೆ, ಗ್ಯಾಸ್ಕೆಟ್, ಉಜ್ಜಿಸಿಕೊಳ್ಳುತ್ತದೆ. ಒಮ್ಮೆ ನೀರು ನಿಂತು ಅತಿಯಾಗಿ ಕಾದರೆ ಅಲ್ಯೂಮಿನಿಯಂ ಬೇಗ ಬಾಗುತ್ತದೆ. ಬೀಡು ತಡೆದುಕೊಳ್ಳುತ್ತದೆ, ಆದರೆ ಕಾದದ್ದಕ್ಕೆ ತಣ್ಣೀರು ಸುರಿದರೆ ಅದೂ ಸೀಳುತ್ತದೆ. ಸಮುದ್ರದ ಉಪ್ಪುನೀರು ನೇರ ಹರಿಯುವ ಬೀಡಿನ ಎಂಜಿನ್ನಿಗಂತೂ ಅಲ್ಯೂಮಿನಿಯಂ ಹೆಡ್ ಬೇಡ, ಬೇಗ ತಿಂದುಹೋಗುತ್ತದೆ.

ಹಾಕಿಸಲೇಬೇಕೆಂದರೆ ಕಂಪನಿ ಹೇಳಿದ ಗ್ಯಾಸ್ಕೆಟ್ಟೇ ಇರಲಿ. ಹೆಡ್ಡಿನ ತಳದ ಮೇಲೆ ನೇರ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಎಲೆಗಳ ಗೊಂಚಲು) ಸಮತಲ ನೋಡಿ, 0.10 ಮಿ.ಮೀ. ಎಲೆ ನುಸುಳಿದರೆ ಮ್ಯಾನುವಲ್ ಮಿತಿ ನೋಡದೆ ಕೂರಿಸಬೇಡಿ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಸ್ಪಾನರ್) ಬಿಗಿಯಿರಿ. ಸ್ಪಾರ್ಕ್ ಪ್ಲಗ್ ಬಿಚ್ಚುವುದು ಎಂಜಿನ್ ತಣಿದ ಮೇಲೆಯೇ, ಇಲ್ಲವಾದರೆ ಹೆಡ್ಡಿನ ಮರೆಯೂ (ತಿರುಪಿನ ಗೆರೆ) ಜೊತೆಗೇ ಕಿತ್ತು ಬರಬಹುದು.