ಸತ್ಯಾಂಶ: ಸಕ್ಷನ್ ನಳಿಕೆ ಆಳಕ್ಕೆ ಹೋದಷ್ಟೂ ಒಳ್ಳೆಯದೇ?

ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ಕಫ ಹೀರಿ ತೆಗೆಯುವ ಸಕ್ಷನ್ ನಳಿಕೆಯನ್ನು ಅದು ಒಳಗೆ ತಡೆದು ನಿಲ್ಲುವವರೆಗೂ ಇಳಿಸಿದರೆ ಮಾತ್ರ ಕಫವೆಲ್ಲ ಬರುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು. ನಳಿಕೆ ತಡೆಯುವುದು ಹೆಚ್ಚಾಗಿ ಶ್ವಾಸನಾಳ ಎರಡಾಗಿ ಕವಲೊಡೆಯುವ ಅಂಚಿನಲ್ಲಿ. ಅಲ್ಲಿನ ಒಳಪೊರೆ ಬಲು ನಾಜೂಕು. ಪದೇ ಪದೇ ತಾಗಿದರೆ ಗಾಯವಾಗಿ ಕಫದಲ್ಲಿ ರಕ್ತದ ಎಳೆ ಕಾಣಬಹುದು, ಕೆಲವರಿಗೆ ಎದೆಬಡಿತವೂ ನಿಧಾನವಾಗಬಹುದು. ಅದಕ್ಕೇ ಸಾಮಾನ್ಯವಾಗಿ ವೆಂಟಿಲೇಟರ್‌ಗೆ ಜೋಡಿಸಿರುವ ಉಸಿರಾಟದ ಕೊಳವೆಯ ತುದಿಯವರೆಗಷ್ಟೇ ಅಳತೆ ನೋಡಿ ಇಳಿಸುತ್ತಾರೆ. ಕೊಳವೆಯ ಮೇಲೆ ಅಚ್ಚಾಗಿರುವ ಸೆಂಟಿಮೀಟರ್ ಗುರುತುಗಳು ಇದಕ್ಕೆ ನೆರವಾಗುತ್ತವೆ. ದೊಡ್ಡವರಲ್ಲಿ ಒಂದು ಸಲದ ಸಕ್ಷನ್ 15 ಸೆಕೆಂಡು ಮೀರಬಾರದು.

ಸಂದೇಶ ಕಳಿಸಿದವರ ಕಾಳಜಿ ನಿಜವಾದದ್ದೇ. ಆದರೂ ಅದರಲ್ಲಿ ಮೂಲ, ದಿನಾಂಕ ಇವೆಯೇ ನೋಡಿ. ಪ್ರಕಟಿತ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಹುಡುಕಿ. ನಿಮ್ಮವರು ಐಸಿಯುನಲ್ಲಿದ್ದರೆ, "ಎಷ್ಟು ಸೆಂಟಿಮೀಟರ್ ಇಳಿಸುತ್ತೀರಿ, ಯಾಕೆ?" ಎಂದು ನೋಡಿಕೊಳ್ಳುವ ನರ್ಸ್ ಹತ್ತಿರವೇ ಕೇಳಿ.