ಪ್ರಾಕ್ಸಿಮಾ ಬಿ: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

‘4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಬಿ ಗ್ರಹದಲ್ಲಿ ಗಾಳಿ, ನೀರು ಪತ್ತೆ’ ಎಂಬ ವಾಟ್ಸಾಪ್ ಸಂದೇಶ ಸರಿಯಲ್ಲ. ಅಲ್ಲಿ ಎರಡೂ ಪತ್ತೆಯಾಗಿಲ್ಲ.

2016ರಲ್ಲಿ ಗ್ರಹ ಸಿಕ್ಕಿದ್ದು, ಅದರ ಸೆಳೆತಕ್ಕೆ ಅದರ ನಕ್ಷತ್ರ ಸಣ್ಣದಾಗಿ ಓಲಾಡುವುದರಿಂದ. ಅದರಿಂದ ತಿಳಿಯುವುದು ಕನಿಷ್ಠ ದ್ರವ್ಯರಾಶಿ ಮತ್ತು ನಕ್ಷತ್ರವನ್ನು ಒಮ್ಮೆ ಸುತ್ತಲು ಬೇಕಾಗುವ 11.2 ದಿನಗಳ ಅವಧಿ, ಅಷ್ಟೇ. ಗ್ರಹ ‘ವಾಸಯೋಗ್ಯ ವಲಯ’ದಲ್ಲಿದೆ ನಿಜ; ಆದರೆ ಹಾಗೆಂದರೆ ವಾತಾವರಣ ಇದ್ದರೆ ನೀರು ದ್ರವವಾಗಿ ಉಳಿಯಬಹುದಾದ ದೂರ. ಆ ‘ಇದ್ದರೆ’ ಬಹಳ ದೊಡ್ಡದು. ಗ್ರಹ ತನ್ನ ಕೆಂಪು ಕುಬ್ಜ (ಸೂರ್ಯನಿಗಿಂತ ಚಿಕ್ಕ, ಮಂಕಾದ) ನಕ್ಷತ್ರದಿಂದ ಸುಮಾರು 75 ಲಕ್ಷ ಕಿಲೋಮೀಟರ್ ದೂರದಲ್ಲಷ್ಟೇ ಇದೆ. 2019ರ ಮೇ 1ರಂದು ಆ ನಕ್ಷತ್ರ ಭುಗಿಲೆದ್ದಾಗ ನೇರಳಾತೀತ ಬೆಳಕು ಕೆಲವೇ ಸೆಕೆಂಡುಗಳಲ್ಲಿ ಸುಮಾರು 14,000 ಪಟ್ಟು ಏರಿದ್ದನ್ನು ಹಬಲ್ ಬಾಹ್ಯಾಕಾಶ ದೂರದರ್ಶಕ ದಾಖಲಿಸಿದೆ. ಇಂಥ ಜ್ವಾಲೆಗಳು ಪದೇಪದೇ ಬಡಿದರೆ ವಾತಾವರಣವೇ ಸವೆದುಹೋಗಬಹುದು.

ಹಾಗೆಂದು ‘ಅಲ್ಲಿ ಜೀವ ಅಸಾಧ್ಯ’ ಎಂದೂ ಸಾಬೀತಾಗಿಲ್ಲ. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.